ಅಗ್ಗದ ಅಂತರಜಾಲ ಟಿ.ವಿ.: ತೋರಿಸುವ ಹಕ್ಕು ಯಾರದು?

ಕುಮಾರಸ್ವಾಮಿ ಲೇಔಟ್‌ನ ಯಾವುದಾದರೂ ಹಳೆಯ ಅಡ್ಡರಸ್ತೆಯಲ್ಲಿ ನಿಂತು ತಾರಸಿಗಳತ್ತ ಕಣ್ಣು ಹಾಯಿಸಿ. ಒಂದೆರಡು ಮನೆಗಳ ಮೇಲೆ ಮೀನಿನ ಮುಳ್ಳಿನಂಥ ಅಲ್ಯೂಮಿನಿಯಂ ಆಂಟೆನಾ ಇನ್ನೂ ಬಾಗಿ ನಿಂತಿರಬಹುದು. ಪಕ್ಕದಲ್ಲಿ ಡಿ.ಟಿ.ಎಚ್. ತಟ್ಟೆ, ಕಂಬದಿಂದ ಕಂಬಕ್ಕೆ ಜೋತುಬಿದ್ದ ಕೇಬಲ್, ಅದರೊಂದಿಗೆ ತೆಳುವಾದ ಫೈಬರ್ ಎಳೆ. ನಾಲ್ಕು ದಶಕಗಳ ಟಿ.ವಿ. ಚರಿತ್ರೆ ಅಲ್ಲೇ ಪದರ ಪದರವಾಗಿ ಬಿದ್ದಿದೆ. ಇತ್ತೀಚಿನ ಪದರ ಮಾತ್ರ ಹೊರಗಿನಿಂದ ಕಾಣಿಸದು. ಅದು ಮನೆಯೊಳಗಿನ ಅಂಗೈಯಗಲದ ಪೆಟ್ಟಿಗೆ, ಅದರಲ್ಲೊಂದು ಆ್ಯಪ್. ‘ವರ್ಷಕ್ಕೆ ಸಾವಿರ ರೂಪಾಯಿ, ಹತ್ತು ಸಾವಿರ ಚಾನೆಲ್, ಎಲ್ಲ ಕ್ರಿಕೆಟ್, ಎಲ್ಲ ಹೊಸ ಸಿನಿಮಾ’ ಎಂದು ಪರಿಚಯದವರೇ ನಿಮಗೆ ಇದನ್ನು ಶಿಫಾರಸು ಮಾಡಿರಬಹುದು. ಇದು ಸಾಚಾ ಸೇವೆಯೇ, ಕಳ್ಳಮಾಲೇ? ತಿಳಿಯುವುದು ಹೇಗೆ?

ಪ್ರಶ್ನೆ ಹೊಸದೇನಲ್ಲ. ತಂತ್ರಜ್ಞಾನ ಬದಲಾದಾಗಲೆಲ್ಲ ಅದು ಎದ್ದಿದೆ.

ಕರ್ನಾಟಕದಲ್ಲಿ ಟಿ.ವಿ. ಮೊದಲು ಬಂದದ್ದು ಬೆಂಗಳೂರಿಗಲ್ಲ ಎಂಬುದು ನಿಮಗೆ ಗೊತ್ತೇ? 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗರು ತಂತಿಬಲೆಯ ಆಂಟೆನಾದಿಂದ ಬಂದ ಚಿತ್ರಗಳನ್ನು ಒಟ್ಟಾಗಿ ಕುಳಿತು ನೋಡಿದರು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಆಗ ಕಳಿಸುವವನು ಒಬ್ಬನೇ, ಅವನು ಸರ್ಕಾರ. ಅನುಮತಿ ಬೇಕಾಗಿದ್ದುದು ನೋಡುವವನಿಗೆ. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ರೇಡಿಯೊ, ಟಿ.ವಿ. ಲೈಸೆನ್ಸ್ ಪಡೆಯುವ ಈ ಪದ್ಧತಿ 1980ರ ದಶಕದ ನಡುವಿನವರೆಗೂ ಇತ್ತು.

ಅದೇ ದಶಕದಲ್ಲಿ ವೀಡಿಯೊ ಕ್ಯಾಸೆಟ್ ಬಂದು ಲೆಕ್ಕವನ್ನು ತಲೆಕೆಳಗು ಮಾಡಿತು. ಥಿಯೇಟರಿನಲ್ಲಿ ಓಡುತ್ತಿರುವ ಚಿತ್ರ ಬಾಡಿಗೆ ಕ್ಯಾಸೆಟ್ಟಿನಲ್ಲೂ ಸಿಗತೊಡಗಿತು. 1984ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ತಂದು 52ಎ ಎಂಬ ಕಲಮನ್ನು ಸೇರಿಸಲಾಯಿತು. ಕ್ಯಾಸೆಟ್ ತಯಾರಿಸಿದವನ ಹೆಸರು, ವಿಳಾಸ, ಹಕ್ಕುದಾರನ ಹೆಸರು, ವಿಳಾಸ, ಹಕ್ಕುದಾರನ ಒಪ್ಪಿಗೆ ಪಡೆದಿದ್ದೇನೆಂಬ ಘೋಷಣೆ, ಸೆನ್ಸಾರ್ ಪತ್ರದ ಪ್ರತಿ ಇವೆಲ್ಲ ಡಬ್ಬಿಯ ಮೇಲೂ ತೆರೆಯ ಮೇಲೂ ಕಾಣಬೇಕು ಎಂಬುದು ಅದರ ಸಾರ. ನನಗೆ ಇದು ಬಹಳ ಜಾಣತನದ ಕಲಮು ಎನಿಸುತ್ತದೆ. ಗ್ರಾಹಕ ಕಾನೂನು ಓದಬೇಕಾಗಿಲ್ಲ, ಡಬ್ಬಿಯ ಹಿಂಬದಿ ತಿರುಗಿಸಿ ನೋಡಿದರೆ ಸಾಕು.

ಮುಂದಿನದು ಕೇಬಲ್. 1991ರಲ್ಲಿ ಸ್ಟಾರ್ ಟಿ.ವಿ.ಯ ಚಾನೆಲ್‌ಗಳು ಏಷ್ಯಾಸ್ಯಾಟ್-1 ಉಪಗ್ರಹದಿಂದ ಗೂಢಲಿಪಿಯಿಲ್ಲದೆ ಸುರಿಯತೊಡಗಿದಾಗ, ದೊಡ್ಡ ತಟ್ಟೆ ಇಟ್ಟುಕೊಂಡವನೆಲ್ಲ ಕೇಬಲ್ ಮಾಲೀಕನಾದ. ಲೈಟು ಕಂಬ, ತೆಂಗಿನ ಮರ, ನೆರೆಮನೆಯ ಪ್ಯಾರಪೆಟ್ ಎಲ್ಲವೂ ಅವನ ಜಾಲದ ಗೂಟಗಳಾದವು. ಇದನ್ನು ನಿಯಂತ್ರಿಸಲು ಕೈಯಲ್ಲಿದ್ದದ್ದು 1885ರ ಟೆಲಿಗ್ರಾಫ್ ಕಾಯಿದೆ! 1994ರ ಸುಗ್ರೀವಾಜ್ಞೆ, ಅದರ ಹಿಂದೆಯೇ 1995ರ ಕೇಬಲ್ ಟೆಲಿವಿಷನ್ ಕಾಯಿದೆ ಬಂದ ಮೇಲೆ ಕೇಬಲ್‌ನವನು ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕಾಯಿತು. ಹಿಂದೆ ನೋಡುಗ ಹೋಗುತ್ತಿದ್ದ ಅಂಚೆ ಕಚೇರಿಗೆ ಈಗ ಕಳಿಸುವವನು ಹೋಗಬೇಕು. (ಈ ನೋಂದಣಿ 2025ರ ಜನವರಿಯಿಂದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಜಾಲತಾಣಕ್ಕೆ ವರ್ಗವಾಗಿದೆ.)

ನೋಂದಣಿ ಇದ್ದರೂ ಕಳವು ನಿಲ್ಲಲಿಲ್ಲ. 2002ರ ವಿಶ್ವಕಪ್ ಫುಟ್‌ಬಾಲ್ ಸಮಯದಲ್ಲಿ ಟೆನ್ ಸ್ಪೋರ್ಟ್ಸ್ ಚಾನೆಲನ್ನು ಒಪ್ಪಂದವಿಲ್ಲದೆ ತೋರಿಸುತ್ತಿದ್ದ ಕೇಬಲ್‌ನವರ ವಿರುದ್ಧ ದೆಹಲಿ ಉಚ್ಚ ನ್ಯಾಯಾಲಯ, ಅವರ ಹೆಸರು ಗೊತ್ತಿಲ್ಲದಿದ್ದರೂ ಅನ್ವಯಿಸುವಂಥ ಆದೇಶ ಕೊಟ್ಟಿತು. ತಾಂತ್ರಿಕ ಉತ್ತರ ಗೂಢಲಿಪೀಕರಣದ ರೂಪದಲ್ಲಿ ಬಂತು. 2013ರಲ್ಲಿ ಡಿಜಿಟಲೀಕರಣದ ಎರಡನೆಯ ಹಂತ ಬೆಂಗಳೂರು, ಮೈಸೂರುಗಳಿಗೆ ಬಂದಾಗ ಸೆಟ್ ಟಾಪ್ ಪೆಟ್ಟಿಗೆ ಕಡ್ಡಾಯವಾಯಿತು. ಬೀಗದ ಕೀಲಿಸಂಖ್ಯೆ ಕೆಲವೇ ಸೆಕೆಂಡುಗಳಿಗೊಮ್ಮೆ ಬದಲಾಗುತ್ತಿರುತ್ತದೆ. ಹಣ ಕಟ್ಟಿದವನ ಪೆಟ್ಟಿಗೆಗೆ ಮಾತ್ರ ಅದು ತಿಳಿಯುತ್ತದೆ. ಕ್ರಿಕೆಟ್ ನೋಡುವಾಗ ತೆರೆಯ ಎಲ್ಲೋ ಒಂದು ಮೂಲೆಯಲ್ಲಿ ಉದ್ದದ ಸಂಖ್ಯೆಯೊಂದು ಮಿಂಚಿ ಮಾಯವಾಗುವುದನ್ನು ನೀವು ಗಮನಿಸಿರಬಹುದು. ಅದು ನಿಮ್ಮ ಪೆಟ್ಟಿಗೆಯ ‘ಬೆರಳಚ್ಚು’. ಯಾರಾದರೂ ಆ ಚಿತ್ರವನ್ನು ಸೆರೆಹಿಡಿದು ಬೇರೆಯವರಿಗೆ ಹಂಚಿದರೆ, ಮೂಲ ಪೆಟ್ಟಿಗೆ ಯಾವುದೆಂದು ಪತ್ತೆಯಾಗಲಿ ಎಂದು ಮಾಡಿದ ಏರ್ಪಾಡು.

ಅಂತರಜಾಲದ ಅಗ್ಗದ ಟಿ.ವಿ. ನಡೆಯುವುದು ಬಹುಮಟ್ಟಿಗೆ ಹೀಗೇ. ಎಲ್ಲೋ ಒಂದು ಕೋಣೆಯಲ್ಲಿ ಹಣ ಕಟ್ಟಿದ ಪೆಟ್ಟಿಗೆಗಳ ಸಾಲು. ಬೀಗ ತೆಗೆದ ಮೇಲೆ ಹೊರಬರುವ ಚಿತ್ರವನ್ನು ಮತ್ತೆ ಸಂಕೇತಕ್ಕೆ ಇಳಿಸಿ ಜಾಲಕ್ಕೆ ಹರಿಯಬಿಡುತ್ತಾರೆ. ಆದ್ದರಿಂದ ನಿಮ್ಮ ಆ್ಯಪ್‌ನ ತೆರೆಯಲ್ಲಿ ಬೇರೊಂದು ಡಿ.ಟಿ.ಎಚ್. ಕಂಪನಿಯ ಪೆಟ್ಟಿಗೆ ಸಂಖ್ಯೆಯೋ ಮೆನುವೋ ಒಮ್ಮೆ ಇಣುಕಿದರೂ ಸಾಕು, ಬೇರೆ ಸಾಕ್ಷಿ ಬೇಡ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ‘ಐ.ಪಿ.ಟಿ.ವಿ.’ ಎಂದರೆ ಕಳ್ಳ ಟಿ.ವಿ. ಎಂದಲ್ಲ. ದೂರಸಂಪರ್ಕ ಪರವಾನಗಿ ಇರುವವರೂ ನೋಂದಾಯಿತ ಕೇಬಲ್‌ನವರೂ ಇದನ್ನು ಕೊಡಬಹುದೆಂದು ಕೇಂದ್ರ ಸರ್ಕಾರ 2008ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ಹಾಗೆಯೇ ಅಗ್ಗ ಎಂದ ಮಾತ್ರಕ್ಕೆ ಕಳವು ಎಂದೂ ಅಲ್ಲ. 2023ರ ಐ.ಪಿ.ಎಲ್. ಪಂದ್ಯಗಳನ್ನು ಜಿಯೊ ಸಿನಿಮಾ ಬಿಟ್ಟಿಯಾಗಿಯೇ ತೋರಿಸಿತು. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ಆರಂಭಿಸಿದ ‘ವೇವ್ಸ್’ ಆ್ಯಪ್‌ನಲ್ಲೂ ಬಿಟ್ಟಿ ನೋಡಲು ಬೇಕಷ್ಟಿದೆ. ಕೇಳಬೇಕಾದದ್ದು ಬೆಲೆ ಎಷ್ಟು ಎಂದಲ್ಲ, ಖರ್ಚನ್ನು ಯಾರು ಭರಿಸುತ್ತಿದ್ದಾರೆ ಎಂದು. ಮೊದಲನೆಯದರಲ್ಲಿ ಜಾಹೀರಾತುದಾರರು ಮತ್ತು ಕಂಪನಿಯ ಬಂಡವಾಳ, ಎರಡನೆಯದರಲ್ಲಿ ಸಾರ್ವಜನಿಕ ಹಣ. ಸಾವಿರ ರೂಪಾಯಿಯ ಪೆಟ್ಟಿಗೆಯಲ್ಲಿ ಯಾರು?

ಸ್ವಲ್ಪ ಲೆಕ್ಕ ಮಾಡೋಣ. ಉಪಗ್ರಹ ಪ್ರಸಾರದಲ್ಲಿ ಒಬ್ಬ ನೋಡಿದರೂ ಕೋಟಿ ಜನ ನೋಡಿದರೂ ಕಳಿಸುವ ಖರ್ಚು ಒಂದೇ. ಅಂತರಜಾಲದಲ್ಲಿ ಪ್ರತಿ ನೋಡುಗನಿಗೂ ಪ್ರತ್ಯೇಕ ಧಾರೆ ಹರಿಯಬೇಕು. ಒಳ್ಳೆಯ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್ ಎಂದಿಟ್ಟುಕೊಂಡರೆ ಗಂಟೆಗೆ 2.25 ಗಿಗಾಬೈಟ್, ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 270 ಗಿಗಾಬೈಟ್. ಹತ್ತು ಸಾವಿರ ಮಂದಿ ಒಟ್ಟಿಗೆ ಪಂದ್ಯ ನೋಡಿದರೆ ಸೆಕೆಂಡಿಗೆ 50 ಗಿಗಾಬಿಟ್ ಬೇಕು. ಇದು ಬರೀ ಸಾಗಾಣಿಕೆ, ಸರಕಿನ ಬೆಲೆ ಬೇರೆ. ಐ.ಪಿ.ಎಲ್.ನ 2023ರಿಂದ 2027ರವರೆಗಿನ 410 ಪಂದ್ಯಗಳ ಪ್ರಸಾರದ ಹಕ್ಕುಗಳು 2022ರ ಜೂನ್‌ನಲ್ಲಿ 48,390 ಕೋಟಿ ರೂಪಾಯಿಗೆ ಹರಾಜಾದವು. ಪಂದ್ಯಕ್ಕೆ ಸುಮಾರು 118 ಕೋಟಿ. ಹತ್ತು ಸಾವಿರ ಚಾನೆಲ್‌ಗೆ ವರ್ಷಕ್ಕೆ ಸಾವಿರ ರೂಪಾಯಿ ಎಂದರೆ ಚಾನೆಲ್ ಒಂದಕ್ಕೆ ವರ್ಷಕ್ಕೆ ಹತ್ತು ಪೈಸೆ! ಜಾಹೀರಾತುದಾರನೂ ಇಲ್ಲ, ಸರ್ಕಾರವೂ ಇಲ್ಲ. ಹಕ್ಕಿಗೆ ಕೊಡಬೇಕಾದ ಹಣವನ್ನು ಕೊಟ್ಟೇ ಇಲ್ಲ ಎಂಬುದೊಂದೇ ಉಳಿಯುವ ವಿವರಣೆ.

ಲೆಕ್ಕ ಬೇಡವೆನ್ನುವವರು 1984ರ ಕ್ಯಾಸೆಟ್ ಡಬ್ಬಿಯನ್ನು ನೆನೆಯಲಿ. ಅದರ ಹಿಂಬದಿಯ ಇಂದಿನ ರೂಪ ಇಲ್ಲದಿಲ್ಲ. 2021ರ ಫೆಬ್ರವರಿಯಲ್ಲಿ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, ಜಾಲದಲ್ಲಿ ಸಿನಿಮಾ, ಧಾರಾವಾಹಿ ತೋರಿಸುವ ಸಂಸ್ಥೆ ಭಾರತದಲ್ಲಿ ಒಬ್ಬ ದೂರು ಅಧಿಕಾರಿಯನ್ನು ನೇಮಿಸಿ ಅವರ ಸಂಪರ್ಕ ವಿವರ ಪ್ರಕಟಿಸಬೇಕು. ಕಾರ್ಯಕ್ರಮಗಳಿಗೆ ವಯೋಮಿತಿಯ ದರ್ಜೆಯನ್ನೂ ಕೊಡಬೇಕು. ಇವೆರಡೂ ಇವೆಯೇ ಹುಡುಕಿ. ರಸೀತಿ ಕೇಳಿ. ಅದರಲ್ಲಿ 15 ಅಂಕಿ ಅಕ್ಷರಗಳ ಜಿ.ಎಸ್.ಟಿ. ಸಂಖ್ಯೆ ಇದ್ದರೆ (ಕರ್ನಾಟಕದ್ದಾದರೆ 29ರಿಂದ ಆರಂಭ) ಜಿ.ಎಸ್.ಟಿ. ಜಾಲತಾಣದಲ್ಲಿ ಹಾಕಿ ಸಂಸ್ಥೆಯ ಹೆಸರು ತಾಳೆ ನೋಡಬಹುದು. ರಸೀತಿ ಇಲ್ಲ, ಯಾವನೋ ವ್ಯಕ್ತಿಯ ಖಾತೆಗೆ ಮೊಬೈಲಿನಲ್ಲೇ ಹಣ ಹಾಕಿ, ಆ್ಯಪ್ ಅಂಗಡಿಯಲ್ಲಿ ಸಿಗದ ಕಡತವನ್ನು ನೀವೇ ಇಳಿಸಿಕೊಳ್ಳಿ ಎಂದರೆ ಅಲ್ಲಿಗೇ ಬಿಡಿ. ಬ್ರಾಡ್‌ಬ್ಯಾಂಡ್ ಕಂಪನಿಗಳೂ ಹಲವು ಆ್ಯಪ್‌ಗಳನ್ನು ಒಟ್ಟು ಸೇರಿಸಿ ಅಗ್ಗವಾಗಿ ಕೊಡುತ್ತವೆ, ನಿಜ. ಅಲ್ಲಿ ಆಯಾ ಆ್ಯಪ್ ತನ್ನ ಹೆಸರಿನಲ್ಲೇ ತೆರೆದುಕೊಳ್ಳುತ್ತದೆ.

ಕಾನೂನು ಇದನ್ನೆಲ್ಲ ನೋಡಿಕೊಳ್ಳುವುದಿಲ್ಲವೇ ಎಂದು ನೀವು ಕೇಳಬಹುದು. ಕರ್ನಾಟಕ 2014ರಲ್ಲಿ ಗೂಂಡಾ ಕಾಯಿದೆಗೆ ತಿದ್ದುಪಡಿ ತಂದು ಆಡಿಯೊ, ವೀಡಿಯೊ ಕಳ್ಳಪ್ರತಿ ಮಾಡುವವರನ್ನೂ ಅದರಡಿ ಸೇರಿಸಿತು. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಅಧಿಕಾರ ಇಂಥದ್ದಕ್ಕೆ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆ ಹೊತ್ತಿಗೆ ವ್ಯಾಪಾರ ಪುಟ್‌ಪಾತಿನಿಂದ ಜಾಲಕ್ಕೆ ಸರಿಯತೊಡಗಿತ್ತು ಬೇರೆ. ದೊಡ್ಡ ಜಾಲಗಳನ್ನು ಮುರಿಯಲು ಹಲವು ದೇಶಗಳ ಪೊಲೀಸರು ಕೂಡಬೇಕಾಗುತ್ತದೆ. 2024ರ ನವೆಂಬರ್‌ನಲ್ಲಿ ಇಟಲಿಯ ನೇತೃತ್ವದಲ್ಲಿ ಯೂರೋಪಿನಲ್ಲಿ ಮುರಿದ ಇಂಥದೊಂದು ಜಾಲಕ್ಕೆ 2.2 ಕೋಟಿಗೂ ಹೆಚ್ಚು ಬಳಕೆದಾರರಿದ್ದರೆಂದು ಅಧಿಕಾರಿಗಳು ತಿಳಿಸಿದರು. ಹೀಗೆ ತೆರೆ ಕಪ್ಪಾದ ದಿನ, ವರ್ಷದ ಹಣ ಮುಂಗಡ ಕಟ್ಟಿದವರು ದೂರು ಕೊಡುವುದಾದರೂ ಯಾರಿಗೆ?

ಹೋದರೆ ಸಾವಿರ ರೂಪಾಯಿ ತಾನೇ ಎನ್ನಬೇಡಿ. 2025ರ ಜೂನ್‌ನಲ್ಲಿ ಅಮೆರಿಕದ ಎಫ್.ಬಿ.ಐ. ಒಂದು ಎಚ್ಚರಿಕೆ ಹೊರಡಿಸಿತು. ‘ಬ್ಯಾಡ್‌ಬಾಕ್ಸ್ 2.0’ ಎಂಬ ಕುತಂತ್ರಾಂಶ ಹೆಸರಿಲ್ಲದ ಅಗ್ಗದ ಟಿ.ವಿ. ಪೆಟ್ಟಿಗೆಗಳಲ್ಲಿ ಕೊಳ್ಳುವ ಮೊದಲೇ ಇರಬಹುದು, ಇಲ್ಲವೇ ಅನಧಿಕೃತ ಆ್ಯಪ್ ಇಳಿಸಿಕೊಂಡಾಗ ಒಳನುಗ್ಗಬಹುದು ಎಂದು ಅದು ತಿಳಿಸಿತು. ಸೋಂಕಾದ ಪೆಟ್ಟಿಗೆ ನಿಮ್ಮ ಮನೆಯ ಜಾಲವನ್ನೇ ಅಪರಿಚಿತರು ತಮ್ಮ ಅಪರಾಧಗಳಿಗೆ ಬಳಸುವ ಹಿಂಬಾಗಿಲಾಗುತ್ತದೆ. ಬ್ಯಾಂಕಿನ ವ್ಯವಹಾರಕ್ಕೆ ನೀವು ಬಳಸುವ ಮೊಬೈಲೂ ಅದೇ ವೈಫೈ ಮೇಲೆ ಇರುತ್ತದೆ. ಈಗಾಗಲೇ ಅಂಥ ಪೆಟ್ಟಿಗೆ ಮನೆಯಲ್ಲಿದ್ದರೆ ಮೊದಲು ಅದನ್ನು ವೈಫೈಯಿಂದ ಬೇರ್ಪಡಿಸಿ, ರೂಟರಿನ ಗುಪ್ತಪದ ಬದಲಾಯಿಸಿ. ಹಣ ಕಳೆದುಕೊಂಡಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿ.