ಕಡಲೊಳಗಿನ ಕಲ್ಲುಗಣಿ

ಮುಂಬೈಯ ಮರೀನ್ ಡ್ರೈವ್‌ನಲ್ಲಿ ಸಂಜೆ ಕಳೆದವರಿಗೆ ಟೆಟ್ರಾಪಾಡ್ ಎಂಬ ಹೆಸರು ಗೊತ್ತಿಲ್ಲದಿದ್ದರೂ ಆ ವಸ್ತು ಗೊತ್ತಿರುತ್ತದೆ: ಅಲೆಯ ಹೊಡೆತ ಮುರಿಯಲು ಗೋಡೆಯ ಕೆಳಗೆ ಒಂದರ ಮೇಲೊಂದು ಪೇರಿಸಿಟ್ಟ ನಾಲ್ಕು ಕಾಲಿನ ಕಾಂಕ್ರೀಟ್ ತುಂಡುಗಳು. ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯ ಅಂಚಿಗೂ ಅವೇ ಇವೆ. ಮುಂಬೈಗೆ ಅವು ಬೇಕಾದದ್ದು ಆಶ್ಚರ್ಯವಲ್ಲ. ಮಾಲೆಗೆ ಮಾತ್ರ ಸಮುದ್ರವೇ ಕಟ್ಟಿಕೊಟ್ಟ ಗೋಡೆಯೊಂದು ಮೊದಲೇ ಇತ್ತು.

ಮಾಲ್ಡೀವ್ಸ್ ಎಂದರೆ ಸುಮಾರು 1,190 ದ್ವೀಪಗಳು, ಜನವಸತಿ ಇರುವುದು 200ರ ಆಸುಪಾಸಿನಲ್ಲಿ. ಬೆಟ್ಟವಿಲ್ಲ, ಹೊಳೆಯಿಲ್ಲ. ಮುಳುಗಿಹೋದ ಜ್ವಾಲಾಮುಖಿ ಬಂಡೆಯ ಮೇಲೆ ಹವಳದ ಜೀವಿಗಳು ತಲೆಮಾರುಗಟ್ಟಲೆ ಸುಣ್ಣ ಕಟ್ಟುತ್ತಾ ಬಂದು, ಎರಡು ಕಿಲೋಮೀಟರಿಗೂ ದಪ್ಪನೆಯ ದಿಬ್ಬವಾಗಿ, ಅದರ ನೆತ್ತಿಯಲ್ಲಿ ಮರಳು ನಿಂತು ಊರಾಗಿದೆ. ಆ ಮರಳಿನಲ್ಲೂ ದೊಡ್ಡ ಪಾಲು ಹವಳವನ್ನು ಕೆರೆದು ತಿನ್ನುವ ಪ್ಯಾರಟ್‌ಫಿಶ್‌ಗಳ ಹಿಕ್ಕೆ. (ನಾವು ಉಂಗುರಕ್ಕೆ ಕೂರಿಸುವ ಕೆಂಪು ಹವಳ ಬೇರೆ ಜಾತಿಯದು, ಮೆಡಿಟರೇನಿಯನ್ ಕಡೆಯದು; ಅದು ದಿಬ್ಬ ಕಟ್ಟುವುದಿಲ್ಲ.)

ಇಂಥ ಉಂಗುರದಾಕಾರದ ದ್ವೀಪಮಾಲೆಗೆ ದಿವೇಹಿ ಭಾಷೆಯಲ್ಲಿ ‘ಅತೊಳು’ ಎನ್ನುತ್ತಾರೆ. ಕನ್ನಡದ ಬಾಯಿಗೆ ಸಲೀಸಾದ ಆ ‘ಳ’ ಯುರೋಪಿಗೆ ಹೋಗುವಾಗ ಕಳೆದುಹೋಗಿ ‘ಅಟಾಲ್’ ಆಯಿತು. 1602ರಲ್ಲಿ ಹಡಗು ಒಡೆದು ಇಲ್ಲಿ ಸಿಕ್ಕಿಬಿದ್ದು, ಐದು ವರ್ಷ ಕಳೆದು, ಭಾಷೆಯನ್ನೂ ಕಲಿತ ಫ್ರೆಂಚ್ ನಾವಿಕ ಫ್ರಾಂಸ್ವಾ ಪಿರಾರ್ ಈ ಪದವನ್ನು ತನ್ನ ಬರಹದಲ್ಲಿ ಒಯ್ದ. 1842ರ ತನ್ನ ಪುಸ್ತಕದಿಂದ ಅದನ್ನು ವಿಜ್ಞಾನದಲ್ಲಿ ನೆಲೆಗೊಳಿಸಿದವನು ಚಾರ್ಲ್ಸ್ ಡಾರ್ವಿನ್. ಆತ ಮಾಲ್ಡೀವ್ಸ್‌ಗೆ ಕಾಲಿಟ್ಟವನೇ ಅಲ್ಲ. ಈಸ್ಟ್ ಇಂಡಿಯಾ ಕಂಪನಿಯ ನೌಕಾಪಡೆಯ ರಾಬರ್ಟ್ ಮೋರ್ಸ್‌ಬಿ 1834-36ರಲ್ಲಿ ಅಳೆದು ತಯಾರಿಸಿದ ನಕ್ಷೆಗಳನ್ನು ನೆಚ್ಚಿ ಬರೆದ.

ದ್ವೀಪದವರಿಗೆ ದಿಬ್ಬ ಸಿದ್ಧಾಂತವಲ್ಲ, ಉಗ್ರಾಣ. ಬಂಗಾಳ, ಒಡಿಶಾಗಳಲ್ಲಿ ನಾಣ್ಯವಾಗಿ ಓಡಾಡಿದ ಕವಡೆ ಹೋಗುತ್ತಿದ್ದದ್ದು ಇಲ್ಲಿಂದಲೇ. ಹೊನ್ನಾವರದಲ್ಲಿ ತಂಗಿ, ಮುಂದೆ 1343ರಲ್ಲಿ ಮಾಲ್ಡೀವ್ಸ್ ತಲುಪಿದ ಇಬ್ನ್ ಬತೂತಾ ಈ ಕವಡೆ ವ್ಯಾಪಾರವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ‘ಕವಡೆ ಕಾಸಿನ ಕಿಮ್ಮತ್ತು’ ಎಂದು ಮೂಗು ಮುರಿಯುವ ನಮಗೆ ಆ ಕವಡೆಯ ತವರು ನೆನಪಿಗೆ ಬರುವುದಿಲ್ಲ.

ಮನೆಗೆ ಬೇಕಾದ ಕಲ್ಲೂ ಅಲ್ಲಿಂದಲೇ. ಬೇರೆ ಕಲ್ಲು ಎಲ್ಲಿದೆ? ನಮ್ಮ ಕರಾವಳಿಯ ಮುರಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವಂತೆ, ಪೊರೈಟಿಸ್ ಜಾತಿಯ ದಪ್ಪ ಹವಳವೂ ನೀರಿನಿಂದ ಎತ್ತಿದ ಹೊಸದರಲ್ಲಿ ಉಳಿಗೆ ಬಾಗುತ್ತದೆ, ಒಣಗಿದರೆ ಗಡುಸಾಗುತ್ತದೆ. ಸುಲ್ತಾನ ಇಬ್ರಾಹಿಂ ಇಸ್ಕಂದರನ ಕಾಲದಲ್ಲಿ, 1658ರಲ್ಲಿ ಪೂರ್ಣಗೊಂಡ ಮಾಲೆಯ ಹುಕುರು ಮಿಸ್ಕಿಯ್ ಮಸೀದಿಯ ಗೋಡೆಗಳು ಈ ಕಲ್ಲಿನವು. ಮರಗೆಲಸದವರು ಹಲಗೆ ಕೂಡಿಸುವ ಹಾಗೆ ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ್ದಾರೆ, ಮೇಲೆಲ್ಲ ಕುಸುರಿ. ಆದರೆ ಹಾಗೆ ಕಟ್ಟಿದ್ದು ಮಸೀದಿ, ಗೋರಿಗಳಂಥ ಮುಖ್ಯ ಕಟ್ಟಡಗಳನ್ನು. ಸಾಮಾನ್ಯರ ಮನೆಗೆ ಮರ, ತೆಂಗಿನ ಗರಿ ಸಾಕಾಗುತ್ತಿತ್ತು. ದಿಬ್ಬಕ್ಕೆ ಅಷ್ಟು ಭಾರ ಹೊರುವ ಶಕ್ತಿಯಿತ್ತು.

1972ರಲ್ಲಿ ಮೊದಲ ರೆಸಾರ್ಟ್ ತೆರೆಯಿತು. ಹಣ ಬಂತು, ಜನ ರಾಜಧಾನಿಗೆ ಬಂದರು. ಮಾಲೆಯ ಜನಸಂಖ್ಯೆ 1977ರಲ್ಲಿ ಸುಮಾರು 30,000 ಇದ್ದದ್ದು 1990ರ ಹೊತ್ತಿಗೆ 55,000 ಆಯಿತು. ಎಲ್ಲರಿಗೂ ಕಲ್ಲಿನ ಮನೆ ಬೇಕು, ತಪ್ಪೇನೂ ಅಲ್ಲ. ನೀರು ಇಳಿದಾಗ ಆಳವಿಲ್ಲದ ಕಡೆ ನಿಂತು, ಕಬ್ಬಿಣದ ಹಾರೆಯಿಂದ ಹವಳ ಮೀಟಿ ದೋಣಿಗೆ ತುಂಬುವುದು. ಸಾಲದ್ದಕ್ಕೆ ಊರಿನ ದಕ್ಷಿಣ, ಪಶ್ಚಿಮ ಅಂಚುಗಳಲ್ಲಿ ದಿಬ್ಬದ ಮಟ್ಟಸ ನೆಲದ ಮೇಲೆಯೇ ಹವಳದ ಚೂರು ಸುರಿದು ಹೊಸ ಜಾಗ ಮಾಡಿದರು. ದಿಬ್ಬದ ನೆತ್ತಿ ಅರ್ಧ ಮೀಟರ್ ತಗ್ಗಿದರೂ ಅಲೆ ಮುರಿಯುವುದು ದಡಕ್ಕೆ ಅಷ್ಟು ಹತ್ತಿರ ಬರುತ್ತದೆ. ಒಡೆದ ಜಾಗದಲ್ಲಿ ಉಳಿಯುವುದು ಉರುಳಾಡುವ ಚೂರು. ಮರಿ ಹವಳಕ್ಕೆ ಅಂಟಿ ನಿಲ್ಲಲು ಅಲ್ಲಿ ಸ್ಥಿರವಾದ ನೆಲೆಯಿಲ್ಲ. ಎಪ್ಪತ್ತರ ದಶಕದಲ್ಲಿ ಅಗೆದ ಕಡೆಗಳು ಎಂಬತ್ತರ ಕೊನೆಗೂ ಹೆಚ್ಚುಕಡಿಮೆ ಬೋಳಾಗಿಯೇ ಇದ್ದವು. ದಿಬ್ಬದ ಸಣ್ಣ ಮೀನುಗಳೇ ಇಲ್ಲಿನ ಟ್ಯೂನಾ ಗಾಳಕ್ಕೆ ಎರೆ. ಹೀಗಾಗಿ ಪೆಟ್ಟು ಮೀನುಗಾರನ ಮನೆಗೂ ಬಿತ್ತು.

1987ರ ಏಪ್ರಿಲ್‌ನಲ್ಲಿ ದೂರದ ದಕ್ಷಿಣ ಸಾಗರದ ಬಿರುಗಾಳಿ ಎಬ್ಬಿಸಿದ ಅಲೆಗಳು ಮಾಲೆಗೆ ನುಗ್ಗಿದವು. ತುಂಬಿಸಿ ಮಾಡಿದ ಹೊಸ ನೆಲ ಕೊಚ್ಚಿಹೋಯಿತು, ವಿಮಾನ ನಿಲ್ದಾಣಕ್ಕೂ ಹಾನಿಯಾಯಿತು. ಅದೇ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಮೌಮೂನ್ ಅಬ್ದುಲ್ ಗಯೂಮ್ ವಿಶ್ವಸಂಸ್ಥೆಯಲ್ಲಿ ಏರುವ ಕಡಲಿನ ಬಗ್ಗೆ ಮಾತಾಡಿದರು. ಆ ಭಾಷಣವನ್ನು ಈಗಲೂ ಎಲ್ಲರೂ ನೆನೆಯುತ್ತಾರೆ. ಊರಿನವರೇ ಮೀಟಿ ತೆಗೆದ ಕಲ್ಲಿನ ಮಾತು ಅಷ್ಟಾಗಿ ಬರುವುದಿಲ್ಲ. ಎರಡೂ ನಿಜವೇ. ಟೆಟ್ರಾಪಾಡ್‌ಗಳು ಬಂದದ್ದು ಆಮೇಲೆ, ಜಪಾನಿನ ನೆರವಿನಿಂದ.

ತೊಂಬತ್ತರ ದಶಕದ ಆರಂಭದಲ್ಲಿ ಜನವಸತಿಯ ದ್ವೀಪಗಳ ದಿಬ್ಬ, ಅತೊಳುವಿನ ಹೊರ ಅಂಚು, ಎರೆಮೀನು ಹಿಡಿಯುವ ಜಾಗ ಇಲ್ಲೆಲ್ಲ ಹವಳ ಒಡೆಯುವುದನ್ನು ನಿರ್ಬಂಧಿಸಿದರು. 1995ರಲ್ಲಿ ಮುಳುಗುಗಾರರ ಮೆಚ್ಚಿನ 15 ತಾಣಗಳಿಗೆ ರಕ್ಷಣೆ ಸಿಕ್ಕಿತು. ಹಾರೆ ನಿಂತು ಉಸಿರು ಬಿಡುವಷ್ಟರಲ್ಲಿ 1998 ಬಂತು. ಎಲ್ ನಿನೊ ನೀರನ್ನು ಕಾಯಿಸಿತು. ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಂಡು ಸತ್ತಿತು. ಮಧ್ಯದ ಅತೊಳುಗಳ ಆಳವಿಲ್ಲದ ದಿಬ್ಬಗಳಲ್ಲಿ ಜೀವಂತ ಹವಳ ಶೇ 2ರ ಮಟ್ಟಕ್ಕೆ ಇಳಿಯಿತು. ಹಾರೆಯ ಜಾಗಕ್ಕೂ ಇದಕ್ಕೂ ಒಂದು ವ್ಯತ್ಯಾಸ: ಸತ್ತರೂ ಬಂಡೆ ಅಲ್ಲೇ ಇತ್ತು, ಮರಿ ಅಂಟಲು ನೆಲೆಯಿತ್ತು. ಹದಿನೈದು ವರ್ಷಗಳಲ್ಲಿ ಹಲವು ಕಡೆ ಮತ್ತೆ ಚಿಗುರಿತು. 2016ರಲ್ಲಿ ಮತ್ತೆ ಬಿಳಿಚಿತು, 2024ರಲ್ಲಿ ಮತ್ತೊಮ್ಮೆ. ನಡುವಿನ ಬಿಡುವು ಕಿರಿದಾಗುತ್ತಿದೆ, ಮಾಲೆಯ ಯಾವ ಕಾನೂನೂ ಅದನ್ನು ಹಿಗ್ಗಿಸಲಾರದು.

ಕಟ್ಟುವುದಂತೂ ನಿಂತಿಲ್ಲ. 1997ರಿಂದ ಕಡಲ ತಳದ ಮರಳು ಎತ್ತಿ ಸುರಿದು ಹುಳುಮಾಲೆ ಎಂಬ ಹೊಸ ದ್ವೀಪವನ್ನೇ ಮಾಡಿದ್ದಾರೆ. ಹಾಗೆ ಎತ್ತುವಾಗ ಏಳುವ ರಾಡಿ ಸುತ್ತಲ ಹವಳದ ಮೇಲೆ ಕೂರುತ್ತದೆ. ಗೋಡೆಗೆ ಬೇಕಾದ ಮರಳು, ಜಲ್ಲಿ ಹಡಗಿನಲ್ಲಿ ಹೊರಗಿನಿಂದ ಬರುತ್ತವೆ. 1981ರ ವ್ಯಾಪಾರ ಒಪ್ಪಂದದ ಪ್ರಕಾರ ಭಾರತ ವರ್ಷವರ್ಷವೂ ಇಷ್ಟೆಂದು ಕೋಟಾ ಗೊತ್ತುಮಾಡುತ್ತದೆ. 2024-25ಕ್ಕೆ ನದಿ ಮರಳು 10 ಲಕ್ಷ ಟನ್, ಜಲ್ಲಿ 10 ಲಕ್ಷ ಟನ್.