ಪಟ್ಟಿಯಿಂದ ನಿಯಮಕ್ಕೆ: ಸರ್ವರ್ ಕ್ಲಸ್ಟರ್‌ಗಳಲ್ಲಿ ವಿಎಂ–ಹೋಸ್ಟ್ ಗುಂಪುಗಳ ಸ್ವಯಂಚಾಲಿತ ರಚನೆ

ಸಾರಾಂಶ

ಸರ್ವರ್ ಕ್ಲಸ್ಟರಿನಲ್ಲಿ ಯಾವ ವರ್ಚುವಲ್ ಮಷೀನ್ (ಮುಂದೆ ‘ವಿಎಂ’) ಯಾವ ಹೋಸ್ಟ್‌ಗಳ ಮೇಲೆ ಓಡಬೇಕೆಂಬುದನ್ನು ಗುಂಪುಗಳ ಮೂಲಕ ಗೊತ್ತುಪಡಿಸುವುದು ರೂಢಿ. ಕೈಯಿಂದ ತುಂಬಿದ ಗುಂಪು ಬೇಗ ಹಳತಾಗುತ್ತದೆ. ಗುಂಪನ್ನು ಪಟ್ಟಿಯಾಗಿ ಕಾಪಾಡದೆ, ಯಂತ್ರಗಳ ಗುಣಲಕ್ಷಣಗಳಿಂದ ಮತ್ತೆ ಮತ್ತೆ ಲೆಕ್ಕಹಾಕಿ ಪಡೆಯಬೇಕೆಂಬುದು ಈ ಲೇಖನದ ವಾದ. ಮಣಿಪಾಲ, ಕಾಪು, ಕಾರ್ಕಳಗಳನ್ನು ನೆಲೆಯಾಗಿಸಿಕೊಂಡ ಒಂದು ಕಲ್ಪಿತ ಮಾದರಿಯ ಮೂಲಕ ಇದನ್ನು ಪರಿಶೀಲಿಸಲಾಗಿದೆ.

1. ಜೋಡಿಯ ತರ್ಕ

ಉಡುಪಿಯ ಅಷ್ಟಮಠಗಳಲ್ಲಿ ನಾಲ್ಕು ದ್ವಂದ್ವಗಳಿವೆ: ಪಲಿಮಾರು–ಅದಮಾರು, ಕೃಷ್ಣಾಪುರ–ಪುತ್ತಿಗೆ, ಶೀರೂರು–ಸೋದೆ, ಕಾಣಿಯೂರು–ಪೇಜಾವರ. ಉತ್ತರಾಧಿಕಾರಿಯಿಲ್ಲದೆ ಒಂದು ಪೀಠ ತೆರವಾದರೆ ಅದರ ದ್ವಂದ್ವ ಮಠ ಹೊಣೆ ಹೊರುತ್ತದೆ. 2018ರಲ್ಲಿ ಶೀರೂರು ಪೀಠ ತೆರವಾದಾಗ ಆ ಹೊಣೆ ಸೋದೆ ಮಠದ್ದಾಯಿತು; 2021ರಲ್ಲಿ ಉತ್ತರಾಧಿಕಾರಿಯ ನೇಮಕವಾಯಿತು. ಯಾರಿಗೆ ಯಾರು ಆಸರೆ ಎಂಬುದು ಆಪತ್ತಿಗೆ ಮೊದಲೇ ಗೊತ್ತಿತ್ತು. ಕ್ಲಸ್ಟರಿಗೂ ಬೇಕಾದದ್ದು ಇಂಥದೇ ಮುಂಗಟ್ಟಲೆ. ಆದರೆ ಮಠಗಳು ಎಂಟೇ, ಶತಮಾನಗಳಿಂದ ಅವೇ. ವಿಎಂಗಳು ಇಂದು ಹುಟ್ಟಿ ನಾಳೆ ಅಳಿಯುತ್ತವೆ. ಎಂಟು ಹೆಸರು ಬಾಯಿಪಾಠವಾಗುತ್ತವೆ, ಎಂಟುನೂರು ಆಗುವುದಿಲ್ಲ.

2. ಮಾದರಿಯ ನೆಲೆ

ಎಂಟು ಹೋಸ್ಟ್‌ಗಳ ಒಂದೇ ಕ್ಲಸ್ಟರನ್ನು ಊಹಿಸೋಣ: ನಾಲ್ಕು ಮಣಿಪಾಲದಲ್ಲಿ, ನಾಲ್ಕು ಕಾರ್ಕಳದಲ್ಲಿ. ಇವೆರಡರ ನಡುವಿನ ಸಂಪರ್ಕ ಕಡಿದಾಗ ಯಾವ ಬದಿ ಮುಂದುವರಿಯಬೇಕೆಂದು ತೀರ್ಮಾನಿಸಲು ನೆರವಾಗುವ ಸಾಕ್ಷಿ ನೋಡ್ ಕಾಪುವಿನಲ್ಲಿ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಕೇಬಲ್ ದಾರಿ 40 ಕಿ.ಮೀ. ಎಂದಿಟ್ಟುಕೊಂಡರೆ ಹೋಗಿಬರಲು 0.4 ಮಿಲಿಸೆಕೆಂಡ್ ಸಾಕು. ಎರಡು ದತ್ತಾಂಶ ನೆಲೆಗಳ ನಡುವೆ ವಿಎಂವೇರ್‌ನ ಸಂಗ್ರಹಣಾ ತಂತ್ರಾಂಶ ವಿಸ್ಯಾನ್ ವಿಧಿಸುವ ಮಿತಿ 5 ಮಿಲಿಸೆಕೆಂಡ್. ಹಾಗಾಗಿ ದೂರ ಇಲ್ಲಿ ತೊಡಕಲ್ಲ.

ತೊಡಕಿರುವುದು ಬೇರೆಡೆ. ಕಾಪುವಿನದು ಕಡಲಂಚಿನ ಉಪ್ಪುಗಾಳಿ, ಕಾರ್ಕಳದ್ದು ಘಟ್ಟದ ಬುಡದ ಮಳೆ, ಸಿಡಿಲು. ಅಪಾಯಗಳು ಬೇರೆಬೇರೆಯಾಗಿ ಕಂಡರೂ ಮೂರೂ ಊರಿಗೆ ವಿದ್ಯುತ್ ಪೂರೈಸುವುದು ಮೆಸ್ಕಾಂ ಒಂದೇ. ಈ ಸಮಾನ ಅವಲಂಬನೆಯನ್ನು ಯಾವ ಗುಂಪು ನಿಯಮವೂ ನಿವಾರಿಸದು. ಅದಕ್ಕೆ ಜನರೇಟರೇ ಬೇಕು.

ಮೆಮೊರಿಯ ಲೆಕ್ಕವೂ ಮುಖ್ಯ. ಪ್ರತಿ ಹೋಸ್ಟಿಗೆ 256 ಜಿಬಿಯಂತೆ ಒಂದು ನೆಲೆಯಲ್ಲಿ 1,024 ಜಿಬಿ ಇರುತ್ತದೆ. ಎಲ್ಲ ವಿಎಂಗಳು ಸೇರಿ 1,200 ಜಿಬಿ ಬಳಸುತ್ತಿದ್ದರೆ, ಒಂದು ನೆಲೆ ಬಿದ್ದ ದಿನ 176 ಜಿಬಿಯಷ್ಟು ಕೆಲಸಕ್ಕೆ ಜಾಗವಿರುವುದಿಲ್ಲ. ಗುಂಪು ಸರಿಯಿದ್ದೂ ವ್ಯವಸ್ಥೆ ಸೋಲುವ ಬಗೆ ಇದು.

3. ಕಡ್ಡಾಯವೋ, ಆದ್ಯತೆಯೋ

ವಿಎಂವೇರ್‌ನ ವರ್ಚುವಲೀಕರಣ ವೇದಿಕೆ ವಿಸ್ಫಿಯರ್‌ನ 2010ರ 4.1 ಆವೃತ್ತಿಯಿಂದ ವಿಎಂ ಗುಂಪನ್ನು ಹೋಸ್ಟ್ ಗುಂಪಿಗೆ ಹೊಂದಿಸುವ ನಿಯಮಗಳು ಬಂದವು. ಅವು ಎರಡು ಬಗೆ: ಕಡ್ಡಾಯ ಮತ್ತು ಆದ್ಯತೆ. ಕಡ್ಡಾಯ ನಿಯಮವನ್ನು, ಹೋಸ್ಟ್ ಕೆಟ್ಟಾಗ ವಿಎಂಗಳನ್ನು ಮತ್ತೆ ಎಬ್ಬಿಸುವ ಎಚ್‌ಎ ಕೂಡ ಮುರಿಯುವುದಿಲ್ಲ. ಮಣಿಪಾಲದ ವಿಎಂಗಳನ್ನು ಮಣಿಪಾಲಕ್ಕೆ ಕಡ್ಡಾಯವಾಗಿ ಕಟ್ಟಿಹಾಕಿದರೆ, ಆ ನೆಲೆ ಬಿದ್ದಾಗ ಕಾರ್ಕಳದಲ್ಲಿ ಜಾಗವಿದ್ದೂ ಅವು ಏಳವು. ಆದ್ದರಿಂದ ನೆಲೆಗೆ ಸಂಬಂಧಿಸಿದ ನಿಯಮ ಆದ್ಯತೆಯದಾಗಿರಬೇಕು. ತಂತ್ರಾಂಶದ ಪರವಾನಗಿ ಕೆಲವೇ ಹೋಸ್ಟ್‌ಗಳಿಗೆ ಸೀಮಿತವಾದಂಥ ಸಂದರ್ಭಕ್ಕೆ ಕಡ್ಡಾಯ ನಿಯಮ ತಕ್ಕದ್ದು.

4. ಸ್ವಯಂಚಾಲನೆಯ ಕ್ರಮ

ಮೊದಲ ಪ್ರಶ್ನೆ: ಸದಸ್ಯತ್ವಕ್ಕೆ ಆಧಾರವೇನು? ವಿಎಂ ಹೆಸರನ್ನು ನಂಬುವುದು ಸುಲಭ, ಆದರೆ ಅಪಾಯಕರ. ಬೋರ್ಡು ಬದಲಿಸದೆ ಹಿಂದಿರುಗಿದ ಬಸ್ಸಿನಂತೆ, ಕಾರ್ಕಳಕ್ಕೆ ಹೋದ ವಿಎಂ ಮಣಿಪಾಲದ ಹೆಸರನ್ನೇ ಹೊತ್ತಿರಬಹುದು. ಹೋಸ್ಟಿಗೆ ನೆಲೆಯ ಟ್ಯಾಗ್, ವಿಎಂಗೆ ಉದ್ದೇಶಿತ ನೆಲೆಯ ಟ್ಯಾಗ್ ಇರುವುದು ಮೇಲು.

ಸ್ಕ್ರಿಪ್ಟ್ ಟ್ಯಾಗ್‌ಗಳನ್ನು ಓದಿ ಇರಬೇಕಾದ ಗುಂಪನ್ನು ಲೆಕ್ಕಹಾಕುತ್ತದೆ, ಇರುವ ಗುಂಪಿನೊಡನೆ ಹೋಲಿಸುತ್ತದೆ, ವ್ಯತ್ಯಾಸವನ್ನಷ್ಟೇ ತಿದ್ದುತ್ತದೆ. ವಿಸ್ಫಿಯರ್‌ನಲ್ಲಿ ಪವರ್‌ಸಿಎಲ್‌ಐ ಆಜ್ಞೆಗಳಿಂದ ಇದು ಸಾಧ್ಯ. ಗುಂಪನ್ನು ಅಳಿಸಿ ಹೊಸದಾಗಿ ಕಟ್ಟಬಾರದು, ಏಕೆಂದರೆ ನಿಯಮ ಆ ಗುಂಪನ್ನೇ ಆತುಕೊಂಡಿರುತ್ತದೆ. ಎಷ್ಟು ಸಲ ಓಡಿಸಿದರೂ ಫಲ ಒಂದೇ ಆಗಿರಬೇಕು. ಹೊಸ ವಿಎಂ ಹುಟ್ಟಿದೊಡನೆ ಓಡುವ ಏರ್ಪಾಡಿದ್ದರೂ ಗಂಟೆಗೊಮ್ಮೆ ಪೂರ್ಣ ತಾಳೆ ನೋಡುವುದು ಒಳಿತು. ತಪ್ಪಿಹೋದ ಘಟನೆಗಳು ಆಗ ಸಿಗುತ್ತವೆ.

ಎರಡು ತಡೆಗಳು ಅಗತ್ಯ. ಲೆಕ್ಕದಲ್ಲಿ ಹೋಸ್ಟ್ ಗುಂಪು ಖಾಲಿ ಬಂದರೆ ಸ್ಕ್ರಿಪ್ಟ್ ನಿಲ್ಲಬೇಕು. ಒಂದೇ ಸಲಕ್ಕೆ ಹತ್ತರಲ್ಲಿ ಮೂರು ವಿಎಂಗಳು ಗುಂಪು ಬದಲಿಸುವಂತಿದ್ದರೆ, ಬದಲಾಯಿಸುವ ಮೊದಲು ಮನುಷ್ಯನ ಒಪ್ಪಿಗೆ ಕೇಳಬೇಕು. ಟ್ಯಾಗ್ ಓದುವ ಸೇವೆಯೇ ಕೆಟ್ಟಿರುವ ದಿನ ಅನಾಹುತ ತಪ್ಪಿಸುವುದು ಇವೇ.

5. ಇತರ ವೇದಿಕೆಗಳು

ಕುಬರ್ನೆಟಿಸ್‌ನಲ್ಲಿ ಸ್ಥಿರ ಸದಸ್ಯಪಟ್ಟಿ ಬೇಕಿಲ್ಲ. ಲೇಬಲ್ ಹೊಂದುವ ನೋಡ್‌ಗಳೆಲ್ಲ ಸೇರಿ ಗುಂಪಾಗುತ್ತವೆ. ನಮ್ಮ ವಾದಕ್ಕೆ ಇದು ಅತ್ಯಂತ ಸಮೀಪದ ರೂಪ. ಆದರೆ ಅಲ್ಲಿಯೂ ನೋಡ್ ಆಯ್ಕೆಯ ರೂಢಿಯ ನಿಯಮ ಪಾಡ್ (ಒಟ್ಟಿಗೆ ಓಡುವ ಕಂಟೇನರುಗಳ ಘಟಕ) ಜಾಗ ಹಿಡಿಯುವಾಗ ಮಾತ್ರ ಪರಿಶೀಲನೆಗೊಳ್ಳುತ್ತದೆ. ಆಮೇಲೆ ಲೇಬಲ್ ಬದಲಾದರೂ ಪಾಡ್ ಅಲ್ಲೇ ಉಳಿಯುತ್ತದೆ. ಓಪನ್‌ಸ್ಟ್ಯಾಕ್‌ನಲ್ಲಿ ಹೋಸ್ಟ್ ಸಮುಚ್ಚಯಗಳಿಗೆ ಗುಣಲಕ್ಷಣಗಳನ್ನು ಅಂಟಿಸಬಹುದಾದರೂ ಯಾವ ಹೋಸ್ಟ್ ಎಲ್ಲಿ ಸೇರಬೇಕೆಂಬುದನ್ನು ನಿರ್ವಾಹಕರೇ ತುಂಬಬೇಕು.

6. ಸಮಾರೋಪ

ಸ್ವಯಂಚಾಲನೆ ತಪ್ಪನ್ನು ಅಳಿಸುವುದಿಲ್ಲ, ಪಟ್ಟಿಯಿಂದ ಟ್ಯಾಗಿಗೆ ದಾಟಿಸುತ್ತದೆ. ಲಾಭವಿರುವುದು ಅಲ್ಲಿಯೇ: ಪಟ್ಟಿಯಲ್ಲಿ ಬಿಟ್ಟುಹೋದ ವಿಎಂ ಯಾರ ಕಣ್ಣಿಗೂ ಬೀಳುವುದಿಲ್ಲ, ಟ್ಯಾಗಿಲ್ಲದ ವಿಎಂ ಪ್ರತಿ ತಾಳೆಯಲ್ಲೂ ಸಿಕ್ಕಿಬೀಳುತ್ತದೆ. ಅಂಥದನ್ನು ಯಾವುದೋ ಗುಂಪಿಗೆ ತಳ್ಳದೆ, ಹೆಸರು ಹಿಡಿದು ವರದಿ ಮಾಡುವ ಸ್ಕ್ರಿಪ್ಟೇ ಕೆಲಸಕ್ಕೆ ಬರುವ ಸ್ಕ್ರಿಪ್ಟ್.