ಮಾವನೋರ ಕೋವಿ
1809ರಲ್ಲಿ ದಂಡು ಬಂದಾಗಿಂದ ನಮ್ ಹಲಸೂರು ಕಡೆಯೋರಿಗೆ ಕೋವಿ ಅಂದ್ರೆ ಹೊಸದೇನಲ್ಲ. ಮಾವನೋರದ್ದು ಬೆಲ್ಜಿಯಂನ ಹಳೇ ಬ್ರೌನಿಂಗ್. ಒಂದು ಹೊಡೆದ್ರೆ ಮುಂದಿನ ತೋಟಾ ತಾನೇ ಏರ್ಕೊಳ್ಳತ್ತೆ. ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ತಗೊಂಡಿದ್ದು ಅಮೆರಿಕದಲ್ಲಿ. ವಿಂಚೆಸ್ಟರ್ ಕಂಪನಿ ಜೊತೆ ರಾಯಲ್ಟಿ ವಿಷಯಕ್ಕೆ ಮುರ್ಕೊಂಡು, 1902ರಲ್ಲಿ ಬೆಲ್ಜಿಯಂಗೆ ಹೊತ್ಕೊಂಡು ಹೋದ.

ಮಾವನೋರು ಹೋದ್ಮೇಲೆ ಕೋವೀನ ಲೈಸೆನ್ಸ್ ಇರೋ ಅಂಗಡೀಲಿ ಜಮಾ ಇಟ್ಟಿದ್ವಿ. "ಥಳಥಳ ಅಂತಿದೆ, ನನ್ ಹೆಸರಿಗೆ ಲೈಸೆನ್ಸ್ ಮಾಡಿಸ್ಕೋತೀನಿ" ಅಂತ ಮೈದುನ ಕುಣೀತಿದ್ದ. ಮೊದಲು ಬಿಚ್ಚಿ ನೋಡ್ಸು ಅಂದ್ರು ಅತ್ತೆ.

ಈ ಕೋವೀಲಿ ಹೊಡೆದಾಗ ನಳಿಗೇನೇ ಹಿಂದಕ್ಕೆ ಸರಿದು ಬರತ್ತೆ. ಆ ಏಟು ತಡೆಯೋದು ಮುಂದಿನ ಮರದೊಳಗಿರೋ ಸ್ಪ್ರಿಂಗು, ಬಳೆ ಥರದ ಉಂಗುರಗಳು. ಜೋರು ತೋಟಾಗೆ ಒಂದು ಜೋಡಣೆ, ಹಗುರದ್ದಕ್ಕೆ ಇನ್ನೊಂದು. ಹಗುರದ ಜೋಡಣೇಲಿ ಜೋರು ತೋಟಾ ಹೊಡೀತಾ ಹೋದ್ರೆ ಮರ ಸೀಳತ್ತೆ. ಹೊರಗಿನ ಪಾಲಿಶು ಇದ್ಯಾವುದನ್ನೂ ಹೇಳಲ್ಲ ಕಣ್ರೇ, ಮದುವೆ ಫೋಟೋ ಇದ್ದಂಗೆ!

ಅಂಗಡಿಯೋರು ಒಳಗೆ ತೋಟಾ ಇಲ್ಲ ಅಂತ ಎರಡೆರಡು ಸಲ ನೋಡಿ, ಮರ ಬಿಚ್ಚಿದ್ರು. ಒಳಮೈಯಲ್ಲಿ ಉದ್ದಕ್ಕೆ ಕೂದಲೆಳೆ ಬಿರುಕು. ಉಂಗುರ ಹಗುರದ ಜಾಗದಲ್ಲೇ ಕೂತಿತ್ತು. ಮೈದುನ ಮಾತಾಡ್ಲಿಲ್ಲ.

ಅತ್ತೆ ಮಾತ್ರ ಮೆಲ್ಲಗೆ, "ಅದಕ್ಕೇ ಅವರು ಯಾವಾಗ್ಲೂ ಭುಜ ನೋವು ಅಂತಿದ್ದದ್ದು" ಅಂದ್ರು.